ಹೃದಯದಾಕಾರದ ಬಾತ್‌ಟಬ್ ನೋಡಿ ನಕ್ಕವರಿಗೆ

ಎರಡು ವರ್ಷದ ಹಿಂದೆ ನಮ್ಮ ವಿಭಾಗದ ಸೆಮಿನಾರೊಂದರಲ್ಲಿ ಪರದೆಯ ಮೇಲೆ ಒಂದು ಫೋಟೊ ಮೂಡಿತು. ಹೃದಯದಾಕಾರದ ಬಾತ್‌ಟಬ್. ಸುತ್ತಲೂ ಕನ್ನಡಿ. ಟಬ್ಬಿನೊಳಗೆ ತಬ್ಬಿಕೊಂಡ ಗಂಡುಹೆಣ್ಣು. ಮಾತಾಡುತ್ತಿದ್ದವರು 'ಕಿಚ್' ಎಂಬ ಒಂದೇ ಪದ ಹೇಳಿ ಸುಮ್ಮನಾದರು. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಪಿಎಚ್.ಡಿ.ಗೆಂದು ಅಮೆರಿಕಕ್ಕೆ ಬಂದು ಆಗಿನ್ನೂ ಒಂದು ವರ್ಷ. ಎಲ್ಲರೂ ನಗುವಾಗ ನಾನೊಬ್ಬಳು ಸುಮ್ಮನಿದ್ದರೆ ಇವಳಿಗೆ ಅರ್ಥವಾಗಲಿಲ್ಲ ಎಂದುಕೊಂಡಾರು ಎಂಬ ಭಯ.

ರೂಮಿಗೆ ಬಂದ ಮೇಲೆ ನೆನಪಾದದ್ದು ನಮ್ಮ ಮನೆಯ ಗೋಡೆಯ ಮೇಲಿರುವ ಅಪ್ಪ-ಅಮ್ಮನ ಫೋಟೊ. ಮದುವೆಯಾದ ವಾರದಲ್ಲಿ ದಾವಣಗೆರೆಯ ಸ್ಟುಡಿಯೊದಲ್ಲಿ ತೆಗೆಸಿದ್ದು. ಹಿಂದೆ ಬಣ್ಣ ಬಳಿದ ಪರದೆ. ಅದರಲ್ಲಿ ಜಲಪಾತ, ಎರಡು ಹಂಸ, ಎಲ್ಲಿಯೂ ಇಲ್ಲದಷ್ಟು ಹಸಿರು. ಅಪ್ಪ ಹಾಕಿಕೊಂಡ ಕೋಟು ಸ್ಟುಡಿಯೊದವರದು. ಅವರಿಬ್ಬರೂ ಹನಿಮೂನಿಗೆಂದು ಎಲ್ಲಿಗೂ ಹೋಗಲಿಲ್ಲ. ಹೋದದ್ದು ಆ ಪರದೆಯ ಮುಂದಕ್ಕಷ್ಟೇ. ಆ ಫೋಟೊವನ್ನು ಸೆಮಿನಾರಿನಲ್ಲಿ ತೋರಿಸಿದ್ದರೆ ಅದಕ್ಕೂ ಅದೇ ನಗು ಸಿಗುತ್ತಿತ್ತು. ನಾನು ಆ ನಗುವಿನ ಪಾಲುದಾರಳಾಗಿದ್ದೆ.

ಈ ಬರಹ ಆ ನಗುವಿನ ವಿರುದ್ಧ. ಜೊತೆಗೆ, ಆ ನಗುವಿಗೆ ಎದುರಾಳಿಯಂತೆ ಕಂಡರೂ ನಿಜವಾಗಿ ಅದರ ಒಡಹುಟ್ಟಿದಂತಿರುವ ಹಳಹಳಿಕೆಯ ವಿರುದ್ಧವೂ.

ಅಮೆರಿಕದ ಹಳೆಯ ಹೆದ್ದಾರಿಗಳ ಪಕ್ಕದಲ್ಲಿ ಇವತ್ತಿಗೂ ಕೆಲವು ವಿಚಿತ್ರಗಳು ಉಳಿದುಕೊಂಡಿವೆ. ಕಾಂಕ್ರೀಟಿನ ಡೇರೆಯೊಳಗೆ ಹಾಸಿಗೆ ಹಾಕಿದ ಮೋಟೆಲುಗಳು, ಆರು ಮಹಡಿ ಎತ್ತರದ ಆನೆ, ಕೊಳದಂಚಿನಲ್ಲಿ ಬಾಯ್ತೆರೆದ ನೀಲಿ ತಿಮಿಂಗಿಲ, ನೀರಿನಡಿಯಲ್ಲಿ ಈಜಿ ತೋರಿಸುವ ಮತ್ಸ್ಯಕನ್ಯೆಯರು, ನವದಂಪತಿಗಳನ್ನು ನೆಚ್ಚಿಕೊಂಡ ಗುಲಾಬಿ ಬಣ್ಣದ ಹೋಟೆಲುಗಳು. ಇವನ್ನು ಹುಡುಕಿಕೊಂಡು ಬರುವವರಲ್ಲಿ ಈಗ ಎರಡು ಪಂಗಡ. ಒಂದು ನಗಲು ಬರುತ್ತದೆ, ಇನ್ನೊಂದು ನಿಟ್ಟುಸಿರು ಬಿಡಲು ಬರುತ್ತದೆ. ಇಬ್ಬರೂ ಫೋಟೊ ತೆಗೆದುಕೊಂಡು, ಮುಂದಿನ ಊರಿನ ಚೈನ್ ಹೋಟೆಲಿಗೆ ಹೋಗಿ ಮಲಗುತ್ತಾರೆ.

ಮೊದಲು ನಗುವವರನ್ನು ವಿಚಾರಿಸೋಣ. ನಾವು ನೋಡಿ ನಕ್ಕ ಟಬ್ಬಿಗೂ ಒಂದು ಚರಿತ್ರೆಯಿದೆ. ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಲ್ಲಿ ಕೋವ್ ಹೇವನ್ ಎಂಬ ರೆಸಾರ್ಟ್ ನಡೆಸುತ್ತಿದ್ದ ಮಾರಿಸ್ ವಿಲ್ಕಿನ್ಸ್ ಅದನ್ನು 1963ರಲ್ಲಿ ರೂಪಿಸಿದರು. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಯಲ್ಲಿ ದುಡಿದಿದ್ದ ಎಲೆಕ್ಟ್ರಿಷಿಯನ್ ಅವರು. 1971ರಲ್ಲಿ ಲೈಫ್ ಪತ್ರಿಕೆ ಆ ಟಬ್ಬಿನ ಚಿತ್ರ ಹಾಕಿದ ಮೇಲೆ ಅದು ದೇಶಕ್ಕೆಲ್ಲ ಗೊತ್ತಾಯಿತು. 1980ರ ದಶಕದಲ್ಲಿ ಅದೇ ರೆಸಾರ್ಟಿಗೆ ಏಳು ಅಡಿ ಎತ್ತರದ, ಷಾಂಪೇನ್ ಗ್ಲಾಸಿನ ಆಕಾರದ ಟಬ್ಬೂ ಬಂತು. ನ್ಯೂಯಾರ್ಕಿನಿಂದ, ಫಿಲಡೆಲ್ಫಿಯಾದಿಂದ ಕಾರಿನಲ್ಲಿ ಎರಡು ಮೂರು ಗಂಟೆಯ ದಾರಿ. ವೆನಿಸ್ಸಿಗೋ ಪ್ಯಾರಿಸ್ಸಿಗೋ ಹೋಗುವಷ್ಟು ರಜೆಯೂ ದುಡ್ಡೂ ಇಲ್ಲದ ಜೋಡಿಗಳಿಗೆ ಅದು ಕೈಗೆಟುಕುವ ಐಷಾರಾಮ. ನಾಲ್ಕು ದಿನ ಯಾರೂ ಕರೆಯದ ಒಂದು ಕೋಣೆ, ಬಿಸಿನೀರು, ಕನ್ನಡಿ.

ಇದನ್ನು ಕಿಚ್ ಎನ್ನುವ ಪದ ನಮಗೆ ಎಲ್ಲಿಂದ ಬಂತು? ನಮ್ಮಂಥ ವಿದ್ಯಾರ್ಥಿಗಳೆಲ್ಲ ಓದುವ ಕ್ಲೆಮೆಂಟ್ ಗ್ರೀನ್‌ಬರ್ಗ್‌ನ 1939ರ ಪ್ರಬಂಧವನ್ನೇ ತೆಗೆದುಕೊಳ್ಳಿ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ದುಡಿಯುವ ಜನ ತಮ್ಮ ಜಾನಪದವನ್ನು ಕಳೆದುಕೊಂಡರು. ಉನ್ನತ ಕಲೆಯನ್ನು ಸವಿಯಲು ಬೇಕಾದ ಬಿಡುವು ಅವರಿಗಿರಲಿಲ್ಲ. ಆ ಖಾಲಿ ಜಾಗಕ್ಕೆ ಮಾರುಕಟ್ಟೆ ತಂದು ಸುರಿದದ್ದು ಕಿಚ್. ವಾದದ ತಿರುಳು ಇಷ್ಟು. ಮಾರುಕಟ್ಟೆಯ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ವಾದದಲ್ಲೇ ಒಂದು ವಿಷಯ ಬಾಯಿಬಿಟ್ಟು ಹೇಳಿದಂತಿದೆ: ಕಿಚ್ ಎಂದರೆ ಬಿಡುವಿಲ್ಲದವರ ಅಭಿರುಚಿ. ಬಿಡುವು ಇಲ್ಲದಿರುವುದು ಅವರ ತಪ್ಪೇ? ಹಸಿದವನ ಊಟದ ರೀತಿ ನೋಡಿ ನಗುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉಂಬರ್ತೊ ಎಕೊ ಇನ್ನೂ ಜಾಣ. 1970ರ ದಶಕದ ಮಧ್ಯದಲ್ಲಿ ಅಮೆರಿಕ ಸುತ್ತಿ ಬರೆದ ಪ್ರಬಂಧದಲ್ಲಿ ಅವನು ಕ್ಯಾಲಿಫೋರ್ನಿಯಾದ ಮಡೋನಾ ಇನ್ ಎಂಬ ಹೋಟೆಲನ್ನು ಗೇಲಿ ಮಾಡುತ್ತಾನೆ. ಓದಲು ಬಹಳ ಖುಷಿ ಕೊಡುವ ಗೇಲಿ ಅದು, ನಾನೂ ಓದಿ ಆನಂದಿಸಿದ್ದೇನೆ. ಮಡೋನಾ ಎನ್ನುವುದು ಅಲೆಕ್ಸ್ ಮತ್ತು ಫಿಲಿಸ್ ಎಂಬ ಗಂಡಹೆಂಡಿರ ಮನೆತನದ ಹೆಸರು. ಅವರು ಅದನ್ನು ತೆರೆದದ್ದು 1958ರ ಕ್ರಿಸ್‌ಮಸ್‌ನ ಹಿಂದಿನ ದಿನ. ಈಗ ಅಲ್ಲಿ 110 ಕೋಣೆಗಳಿವೆ, ಒಂದರಂತೆ ಇನ್ನೊಂದಿಲ್ಲ. ಅಲೆಕ್ಸ್ ವೃತ್ತಿಯಲ್ಲಿ ರಸ್ತೆ ಕಂಟ್ರಾಕ್ಟರು. ಹೆದ್ದಾರಿ ಮಾಡಿದ ಮನುಷ್ಯ ಆ ಹೆದ್ದಾರಿಯಲ್ಲಿ ಹೋಗುವವರು ಒಂದು ರಾತ್ರಿ ನಿಲ್ಲಲೆಂದು ತನ್ನದೇ ಕಲ್ಲು, ತನ್ನದೇ ಯಂತ್ರ ಬಳಸಿ ಇದನ್ನು ಕಟ್ಟಿದ. ಎಕೊನ ದೊಡ್ಡ ಆಕ್ಷೇಪ ಅಮೆರಿಕದಲ್ಲಿ ನಕಲು ಅಸಲಿನ ಜಾಗ ಕಿತ್ತುಕೊಳ್ಳುತ್ತದೆ ಎಂಬುದು. ಇಲ್ಲಿ ಯಾವುದರ ನಕಲು? ಗುಹೆಯಂಥ ಕೋಣೆಯಲ್ಲಿ ಮಲಗಿದವರು ತಾವು ಆದಿಮಾನವರಾದೆವು ಎಂದು ನಂಬುತ್ತಾರೆಯೇ? ನಮ್ಮ ಅಪ್ಪ ಬಣ್ಣದ ಜಲಪಾತದಲ್ಲಿ ತಾನು ನೆನೆದೆ ಎಂದುಕೊಂಡಿರಲಿಲ್ಲ. ಆಟ ಎಂದು ಗೊತ್ತಿದ್ದೇ ಆಡುವವರನ್ನು ಮೋಸಹೋದವರು ಎಂದು ತಿಳಿಯುವುದು ಪಂಡಿತರ ಹಳೆಯ ಚಾಳಿ.

ಇನ್ನು ನಿಟ್ಟುಸಿರಿನವರು. ಇವರು ನಗುವುದಿಲ್ಲ, ಪ್ರೀತಿಸುತ್ತಾರೆ. ನಿಯಾನ್ ದೀಪ, ಕ್ರೋಮಿನ ಕಾರು, ರೂಟ್ 66, 'ಆ ಕಾಲವೇ ಚೆನ್ನಾಗಿತ್ತು' ಎಂಬ ಪಲ್ಲವಿ. 1926ರಲ್ಲಿ ಹುಟ್ಟಿದ ಆ ರಸ್ತೆಯ ಹೆಸರನ್ನು 1985ರಲ್ಲಿ ಸರ್ಕಾರ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿತು. 1956ರ ಕಾನೂನಿನಿಂದ ಬಂದ ಇಂಟರ್‌ಸ್ಟೇಟ್ ಹೆದ್ದಾರಿಗಳು ಊರುಗಳನ್ನು ಬಳಸಿಕೊಂಡು ಹೋದವು, ರಸ್ತೆಯನ್ನೇ ನಂಬಿದ್ದ ಅಂಗಡಿ-ಮೋಟೆಲುಗಳು ಬಾಗಿಲು ಹಾಕಿದವು. ಇದು ನಿಜವಾದ ನಷ್ಟ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಕಾಲ ಯಾರಿಗೆ ಚೆನ್ನಾಗಿತ್ತು ಎಂದು ಕೇಳಲೇಬೇಕು.

ಮಡೋನಾ ಇನ್ ತೆರೆದ 1958ರಲ್ಲೇ ವರ್ಜೀನಿಯಾದ ಲವಿಂಗ್ ದಂಪತಿಯನ್ನು ಪೊಲೀಸರು ನಡುರಾತ್ರಿ ಮಲಗುವ ಕೋಣೆಗೆ ನುಗ್ಗಿ ಬಂಧಿಸಿದರು. ರಿಚರ್ಡ್ ಬಿಳಿಯ, ಮಿಲ್ಡ್ರೆಡ್ ಬಿಳಿಯಳಲ್ಲ. ಅವರ ಮದುವೆಯೇ ಅಪರಾಧ. ಅಂಥ ಕಾನೂನುಗಳನ್ನು ಸುಪ್ರೀಂ ಕೋರ್ಟ್ ತೊಡೆದುಹಾಕಿದ್ದು 1967ರಲ್ಲಿ. ಅಂದರೆ ಹೃದಯದಾಕಾರದ ಟಬ್ ಬಂದು ನಾಲ್ಕು ವರ್ಷವಾದ ಮೇಲೆ. ಆ ಟಬ್ ಬಂದ ಮರುವರ್ಷ, 1964ರಲ್ಲಿ, ಅಟ್ಲಾಂಟಾದ ಒಂದು ಮೋಟೆಲು ಕಪ್ಪು ಜನರಿಗೆ ಕೋಣೆ ಕೊಡುವುದಿಲ್ಲ ಎಂದು ಹಟ ಹಿಡಿದು ನಾಗರಿಕ ಹಕ್ಕುಗಳ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋಗಿ ಸೋತಿತು. ಅದರ ಹೆಸರು ಹಾರ್ಟ್ ಆಫ್ ಅಟ್ಲಾಂಟಾ. ಅದಕ್ಕೂ ಮೊದಲು ಕಪ್ಪು ಪ್ರಯಾಣಿಕರು ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯವರು 1936ರಿಂದ ಹೊರತಂದ ಗ್ರೀನ್ ಬುಕ್ ಹಿಡಿದುಕೊಂಡು ಓಡಾಡಬೇಕಿತ್ತು: ಯಾವ ಊರಿನಲ್ಲಿ ತಮಗೆ ಹಾಸಿಗೆ ಸಿಗುತ್ತದೆ, ಯಾವ ಬಂಕಿನಲ್ಲಿ ಪೆಟ್ರೋಲ್ ಸಿಗುತ್ತದೆ ಎಂದು ತಿಳಿಯಲು.

ಅರಿಜೋನಾದ ಹಾಲ್‌ಬ್ರೂಕ್‌ನಲ್ಲಿ ವಿಗ್‌ವಾಮ್ ಮೋಟೆಲ್ ಇದೆ. ಬಿಳಿ ಕಾಂಕ್ರೀಟಿನ ಶಂಕುವಿನಾಕಾರದ ಕೋಣೆಗಳು, ಮುಂದೆ ಹಳೆಯ ಕಾರುಗಳು. ಕೆಂಟಕಿಯ ಫ್ರಾಂಕ್ ರೆಡ್‌ಫರ್ಡ್ 1936ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಅಂಥ ಏಳು 'ಹಳ್ಳಿ'ಗಳಲ್ಲಿ ಈಗ ಮೂರು ಉಳಿದಿವೆ. ಹೆಸರು ವಿಗ್‌ವಾಮ್, ಆಕಾರ ಮಾತ್ರ ಟೀಪಿಯದು. ಎರಡೂ ಬೇರೆ ಬೇರೆ ಪ್ರದೇಶದ, ಬೇರೆ ಬೇರೆ ಮೂಲನಿವಾಸಿಗಳ ಮನೆಗಳು; ಅರಿಜೋನಾದ ನವಾಹೊ ಜನ ಎರಡರಲ್ಲೂ ಬಾಳಿದವರಲ್ಲ. ಇಷ್ಟು ತಪ್ಪನ್ನು ನಕ್ಕು ಬಿಡಬಹುದಿತ್ತು. ಆದರೆ ಹಾಲ್‌ಬ್ರೂಕ್‌ನ ಮೋಟೆಲು ಬಾಗಿಲು ತೆರೆದದ್ದು 1950ರಲ್ಲಿ. ಅದೇ ಅರಿಜೋನಾದಲ್ಲಿ ಮೂಲನಿವಾಸಿಗಳಿಗೆ ಮತ ಹಾಕುವ ಹಕ್ಕು ಸಿಕ್ಕಿ ಆಗ ಎರಡೇ ವರ್ಷ. ಅವರ ಮಕ್ಕಳನ್ನು ಮನೆಯಿಂದ ದೂರದ ವಸತಿ ಶಾಲೆಗೆ ಒಯ್ದು ತಾಯ್ನುಡಿ ಮಾತಾಡಿದರೆ ಶಿಕ್ಷಿಸುತ್ತಿದ್ದ ದೇಶವೇ ಅವರ ಮನೆಯ ಆಕಾರದಲ್ಲಿ ಮಲಗಿ ಖುಷಿಪಟ್ಟಿತು. ನಿಟ್ಟುಸಿರಿನವರು ಇದನ್ನು ಹೇಳುವುದಿಲ್ಲ. ಹೇಳಿದರೆ ಫೋಟೊ ಕೆಡುತ್ತದೆ.

ಹಾಗಾದರೆ ಇವನ್ನೆಲ್ಲ ಒಡೆದುಹಾಕಬೇಕೇ? ಬೇಡ. ಒಡೆದರೆ ಸುಳ್ಳು ಇನ್ನೂ ಸುಲಭವಾಗುತ್ತದೆ. ಉಳಿಯಲಿ, ಪೂರ್ತಿ ಕಥೆಯೊಡನೆ ಉಳಿಯಲಿ. ಆ ಪೂರ್ತಿ ಕಥೆಯಲ್ಲಿ ನಮ್ಮ ದೇಶದಿಂದ ಹೋದವರ ಅಧ್ಯಾಯವೂ ಒಂದಿದೆ.

ಅಮೆರಿಕದ ಮೋಟೆಲುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾರತೀಯ ಮೂಲದವರ ಕೈಯಲ್ಲಿವೆ, ಅವರಲ್ಲಿ ಬಹುಪಾಲು ಗುಜರಾತಿಗಳು. ಇಂಟರ್‌ಸ್ಟೇಟ್ ಬಂದು ಹಳೆಯ ರಸ್ತೆ ಸತ್ತಾಗ, ಬೇರೆ ಯಾರಿಗೂ ಬೇಡವಾದ ಮೋಟೆಲುಗಳನ್ನು ಬಂಧುಗಳಿಂದ ಕೈಸಾಲ ಮಾಡಿ ಕೊಂಡವರಲ್ಲಿ ಇವರೂ ಇದ್ದರು. ಕೌಂಟರಿನ ಹಿಂದಿನ ಕೋಣೆಯಲ್ಲೇ ಸಂಸಾರ, ಹಾಸಿಗೆ ಬಟ್ಟೆ ಒಗೆಯುವುದರಿಂದ ಲೆಕ್ಕ ಬರೆಯುವ ತನಕ ಮನೆಯವರದೇ ಕೆಲಸ. ಆಗ ಪಕ್ಕದ ಮೋಟೆಲಿನವರು 'ಅಮೆರಿಕನ್ ಓನ್ಡ್' ಎಂದು ಬೋರ್ಡು ಹಾಕಿಕೊಂಡರು. ಇಲ್ಲಿಗೆ ಬನ್ನಿ, ಅಲ್ಲಿ ಇಂಡಿಯನ್ನರಿದ್ದಾರೆ ಎಂದು ಅದರ ಅರ್ಥ.

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಬಳಿಯ ವಿಗ್‌ವಾಮ್ ಮೋಟೆಲು ಹಾಳುಬಿದ್ದಿದ್ದಾಗ, 2003ರಲ್ಲಿ ಅದನ್ನು ಕೊಂಡು ದುರಸ್ತಿ ಮಾಡಿ ನಿಲ್ಲಿಸಿದ್ದು ಒಂದು ಗುಜರಾತಿ ಕುಟುಂಬ. ಯೋಚಿಸಿ ನೋಡಿ. ಕೊಲಂಬಸ್‌ನ ತಪ್ಪಿನಿಂದ ಇಂಡಿಯನ್ನರೆಂದು ಕರೆಸಿಕೊಂಡವರ ಡೇರೆಯನ್ನು ಬಿಳಿಯ ವ್ಯಾಪಾರಿಯೊಬ್ಬ ಕಾಂಕ್ರೀಟಿನಲ್ಲಿ ಕಟ್ಟಿಸಿದ. ಅದು ಕುಸಿಯುವ ಹೊತ್ತಿಗೆ ಬಣ್ಣ ಬಳಿದು ಉಳಿಸಿದವರು ನಿಜವಾಗಿಯೂ ಇಂಡಿಯಾದ ಕಡೆಯವರು. ಅಮೆರಿಕದ ಹಳಹಳಿಕೆಯ ಪೋಸ್ಟ್‌ಕಾರ್ಡಿನಲ್ಲಿ ಇವರ ಮುಖ ಎಷ್ಟು ಸಲ ಕಂಡಿದ್ದೀರಿ?

ಕಳೆದ ಬೇಸಿಗೆಯಲ್ಲಿ ಗೆಳತಿಯೊಡನೆ ನ್ಯೂ ಮೆಕ್ಸಿಕೊ ದಾಟುವಾಗ ಹಳೆಯ ರಸ್ತೆಯ ಒಂದು ಸಣ್ಣ ಮೋಟೆಲಿನಲ್ಲಿ ಉಳಿದೆ. ಹೆಸರು ಬೇಡ. ಹೊರಗಿನ ನಿಯಾನ್ ಬೋರ್ಡಿನಲ್ಲಿ ಎರಡು ಅಕ್ಷರ ಉರಿಯುತ್ತಿರಲಿಲ್ಲ. ಕೌಂಟರಿನಲ್ಲಿದ್ದ ಎಪ್ಪತ್ತರ ಆಸುಪಾಸಿನ ಗುಜರಾತಿ ಆಂಟಿ ನನ್ನ ಹೆಸರು ಓದಿ ಹಿಂದಿಗೆ ತಿರುಗಿದರು. ನನ್ನ ಹಿಂದಿ ಅಷ್ಟಕ್ಕಷ್ಟೆ, ಅವರದೂ ಗುಜರಾತಿ ಬೆರೆತದ್ದು. ಏನು ಓದುತ್ತೀಯ ಮಗಳೇ ಎಂದರು. ಇಂಥ ಜಾಗಗಳ ಬಗ್ಗೆಯೇ ಆಂಟಿ ಎಂದೆ. ಅವರಿಗೆ ನಗು ಬಂತು. "ದಿನಾ ಸಂಜೆ ಇಪ್ಪತ್ತು ಕಾರು ನಿಲ್ಲುತ್ತವೆ. ಇಳಿದು ಬೋರ್ಡಿನ ಫೋಟೊ ತೆಗೀತಾರೆ, ಹೋಗ್ತಾರೆ. ರೂಮು ತಗೊಳ್ಳೋರು ಮೂರೋ ನಾಲ್ಕೋ. ಆ ಎರಡು ಅಕ್ಷರ ರಿಪೇರಿ ಮಾಡಿಸೋಕೆ ನನ್ನ ಒಂದು ತಿಂಗಳ ದುಡ್ಡು ಬೇಕು. ಫೋಟೊದಲ್ಲಿ ಅದು ಚೆನ್ನಾಗಿ ಬರಲ್ಲ ಅಂತ ಅವರೇ ಬಂದು ನನಗೆ ಹೇಳ್ತಾರೆ." ನನ್ನ ಮೂರು ವರ್ಷದ ಸಂಶೋಧನೆಯಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ನಾನು ಬರೆದಿಲ್ಲ.

ಉಳಿದದ್ದು ಹೇಗೆ ಉಳಿಯಿತು ಎಂದು ನೋಡಿದರೆ ಆಂಟಿ ಹೇಳಿದ್ದೇ ನಿಜ. ಒಕ್ಲಹೋಮಾದ ಕಟೂಸಾದ ನೀಲಿ ತಿಮಿಂಗಿಲವನ್ನು ಹ್ಯೂ ಡೇವಿಸ್ 1970ರ ದಶಕದ ಆರಂಭದಲ್ಲಿ ಮದುವೆಯ ವಾರ್ಷಿಕೋತ್ಸವಕ್ಕೆಂದು ಹೆಂಡತಿ ಜೆಲ್ಟಾಗೆ ಕಟ್ಟಿಕೊಟ್ಟರು. ಆಕೆಗೆ ತಿಮಿಂಗಿಲದ ಪುಟ್ಟ ಗೊಂಬೆಗಳನ್ನು ಕೂಡಿಡುವ ಹವ್ಯಾಸವಿತ್ತು. ಮುಂದೆ ಹಾಳಾಗುತ್ತಿದ್ದ ಅದಕ್ಕೆ ಊರಿನವರೇ ಬಣ್ಣ ಬಳಿದರು, 2020ರಲ್ಲಿ ನಗರಾಡಳಿತ ಅದನ್ನು ಕೊಂಡಿತು. ನ್ಯೂಜೆರ್ಸಿಯ ಮಾರ್ಗೇಟ್‌ನಲ್ಲಿ 1881ರಲ್ಲಿ ಕಟ್ಟಿದ ಲೂಸಿ ಎಂಬ ಆನೆಯನ್ನು ಕೆಡವುವ ಹೊತ್ತು ಬಂದಾಗ, 1970ರಲ್ಲಿ ಜನ ಚಂದಾ ಎತ್ತಿ ಅದನ್ನು ಬೇರೆ ಜಾಗಕ್ಕೆ ಸಾಗಿಸಿದರು. ಫ್ಲಾರಿಡಾದ ವೀಕಿ ವಾಚಿಯಲ್ಲಿ 1947ರಿಂದ ನಡೆದ ಮತ್ಸ್ಯಕನ್ಯೆಯರ ಆಟ 2008ರಲ್ಲಿ ರಾಜ್ಯದ ಉದ್ಯಾನದ ಭಾಗವಾಯಿತು. ಇನ್ನೊಂದು ಕಡೆ, ಪೊಕೊನೊದ ಮೌಂಟ್ ಏರಿ ಲಾಡ್ಜ್ 2001ರಲ್ಲಿ ಮುಚ್ಚಿ, ಆ ಜಾಗದಲ್ಲಿ ಕ್ಯಾಸಿನೊ ಬಂತು. ಪೆನ್ ಹಿಲ್ಸ್ 2009ರಲ್ಲಿ ಮುಚ್ಚಿತು. ಅದು ಪಾಳುಬಿದ್ದ ಮೇಲೆ ಒಡೆದ ಹೃದಯದಾಕಾರದ ಟಬ್ಬುಗಳ ಫೋಟೊ ತೆಗೆಯಲು ಜನ ಹೋಗತೊಡಗಿದರು. ಆ ಫೋಟೊಗಳಿಗೆ ಬಂದ ಪ್ರೀತಿಯಿಂದ ಅಲ್ಲಿನ ಒಂದು ಕಿಟಕಿಯೂ ರಿಪೇರಿಯಾಗಲಿಲ್ಲ. ಯಾವುದನ್ನೂ ನಗುವೂ ಉಳಿಸಿಲ್ಲ, ನಿಟ್ಟುಸಿರೂ ಉಳಿಸಿಲ್ಲ. ಬಣ್ಣ ಬಳಿದವರು, ಚಂದಾ ಕೊಟ್ಟವರು, ತೆರಿಗೆ ಕಟ್ಟಿದವರು, ಕೋಣೆ ಬಾಡಿಗೆ ಹಿಡಿದವರು, ಮರುದಿನ ಆ ಕೋಣೆಯ ಹಾಸಿಗೆ ಬದಲಿಸಿದವರು ಉಳಿಸಿದ್ದಾರೆ.

ಎಲ್ಲವೂ ಚೆಂದ, ಯಾವುದನ್ನೂ ಟೀಕಿಸಬಾರದು ಎಂದು ನಾನು ಹೇಳುತ್ತಿದ್ದೇನೆಂದು ಯಾರಾದರೂ ತಿಳಿದರೆ ಅವರು ನಡುವಿನ ಪುಟ ಹಾರಿಸಿದ್ದಾರೆ. ದಕ್ಷಿಣ ಕ್ಯಾರೊಲಿನಾದ ಸೌತ್ ಆಫ್ ದ ಬಾರ್ಡರ್‌ನಲ್ಲಿ ದೊಡ್ಡ ಟೋಪಿ, ದಪ್ಪ ಮೀಸೆಯ ಪೆಡ್ರೊ ಎಂಬ ಪ್ರತಿಮೆಯಿದೆ. ಅದು ಮೆಕ್ಸಿಕೊದವರಿಗೆ ಮಾಡಿದ ಅವಮಾನ. ಅವಮಾನ ಎಂದೇ ಅದನ್ನು ಕರೆಯುತ್ತೇನೆ, ಕಿಚ್ ಎಂದಲ್ಲ. ಕಿಚ್ ಎಂದುಬಿಟ್ಟರೆ ಪೆಡ್ರೊನೂ ಜೆಲ್ಟಾಳ ತಿಮಿಂಗಿಲವೂ ಒಂದೇ ಡಬ್ಬಿಗೆ ಬೀಳುತ್ತವೆ. ಒಂದರಲ್ಲಿ ದ್ವೇಷದ ಚರಿತ್ರೆಯಿದೆ, ಇನ್ನೊಂದರಲ್ಲಿ ಒಬ್ಬ ಮುದುಕನ ಪ್ರೀತಿಯಿದೆ. ಆ ವ್ಯತ್ಯಾಸ ಹೇಳುವುದಕ್ಕೇ ಅಲ್ಲವೇ ನಮಗೆ ಇಷ್ಟು ವರ್ಷ ಓದಿಸಿದ್ದು?

ಈ ಸಲ ಊರಿಗೆ ಹೋದಾಗ ಗೋಡೆಯ ಮೇಲಿನ ಫೋಟೊ ತೋರಿಸಿ ಅಮ್ಮನನ್ನು ಕೇಳಿದೆ, ಆ ಪರದೆ ನೋಡಿ ನಗು ಬರಲಿಲ್ವಾ ಎಂದು. "ಬಂದಿತ್ತು. ಅದಕ್ಕೇ ನೋಡು, ಫೋಟೊದಾಗೆ ನಕ್ಕೀನಿ" ಎಂದಳು. ಸೆಮಿನಾರಿನ ನಮಗಿಂತ ಮೊದಲೇ ಅವಳು ನಕ್ಕಿದ್ದಳು, ದುಡ್ಡು ಕೊಟ್ಟು, ಪರದೆಯ ಮುಂದೆ ನಿಂತು.

ನೀವು ಎಂದಾದರೂ ಆ ಕಡೆ ಹೋದರೆ ಕಾರಿನಿಂದ ಇಳಿದು ಫೋಟೊ ತೆಗೆದು ಹೊರಡಬೇಡಿ. ಒಂದು ರಾತ್ರಿ ಉಳಿಯಿರಿ, ಬಾಡಿಗೆ ಕೊಡಿ, ಕೌಂಟರಿನಲ್ಲಿರುವವರನ್ನು ಮಾತಾಡಿಸಿ. ಬೆಳಿಗ್ಗೆ ಎದ್ದು ಬೇಕಾದರೆ ಬೈಯಿರಿ.