ಪೊಲೀಸರ ವೈರ್‌ಲೆಸ್ ಮತ್ತು ಜನರ ಕಿವಿ

1993ರ ಜನವರಿ. ಮುಂಬೈ ನಗರ ಹೊತ್ತಿ ಉರಿಯುತ್ತಿತ್ತು. ಡೊಂಗ್ರಿ ಭಾಗಕ್ಕೆ ಹಾಲು, ದಿನಸಿ ಹೊತ್ತ ಸೇನಾ ವಾಹನಗಳು ಬಂದಿವೆಯೆಂದು ಗಸ್ತಿನ ಪೊಲೀಸರು ವೈರ್‌ಲೆಸ್ ಮೂಲಕ ನಿಯಂತ್ರಣ ಕೊಠಡಿಗೆ ತಿಳಿಸುತ್ತಾರೆ. ಆ ಕಡೆಯ ಧ್ವನಿ ಕೇಳಿದ್ದು, ಅವರಿಗೇಕೆ ಹಾಲು ಹಂಚುತ್ತಿದ್ದೀರಿ ಎಂದು. ಆಗ ಮುಸ್ಲಿಮರ ಬಗ್ಗೆ ಬಳಕೆಯಾದ ಶಬ್ದಗಳನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಈ ಸಂಭಾಷಣೆ ಧ್ವನಿಮುದ್ರಣಗೊಂಡಿತ್ತು. ಪತ್ರಕರ್ತೆ ತೀಸ್ತಾ ಸೆಟಲ್ವಾಡ್ ಅದನ್ನು ಬೆಳಕಿಗೆ ತಂದರು. ಕೆಳಹಂತದ ಪೊಲೀಸರಲ್ಲಿ ಮುಸ್ಲಿಮರ ವಿರುದ್ಧ ಪೂರ್ವಗ್ರಹ ಮನೆ ಮಾಡಿತ್ತೆಂದು ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ 1998ರ ತನ್ನ ವರದಿಯಲ್ಲಿ ದಾಖಲಿಸಿತು.

ಅಂದು ಆ ಮಾತುಗಳನ್ನು ಕೇಳಿಸಿಕೊಳ್ಳುವ ಒಂದು ಕಿವಿ ಇರದೇ ಹೋಗಿದ್ದರೆ? ಸಂತ್ರಸ್ತರು ಎಷ್ಟು ಅತ್ತರೂ ಅದು ಅವರ ಕಲ್ಪನೆ ಎಂದೇ ತಳ್ಳಿಹಾಕಲ್ಪಡುತ್ತಿತ್ತು.

ಹಾಗಾದರೆ ನಾವೂ ಸ್ಕ್ಯಾನರ್ ಕೊಂಡು ಪೊಲೀಸರ ಮಾತನ್ನು ಆಲಿಸಬಾರದೇಕೆ ಎಂದು ಯುವಕರು ಕೇಳುವುದು ಸಹಜ. ಅಮೆರಿಕದಲ್ಲಿ ಇದು ದಶಕಗಳಷ್ಟು ಹಳೆಯ ಹವ್ಯಾಸ. ಟಿವಿ ನೋಡಲೆಂದು ತಯಾರಾದ, ಬೆರಳುದ್ದದ ಯುಎಸ್‌ಬಿ ಸಾಧನವೊಂದನ್ನು ಗಣಕಕ್ಕೆ ಸಿಕ್ಕಿಸಿ ಗಾಳಿಯಲ್ಲಿ ತೇಲುವ ಧ್ವನಿಗಳನ್ನು ಹಿಡಿಯುವ ವಿದ್ಯೆ ಇಂದು ಕಾಲೇಜು ಹುಡುಗರಿಗೂ ಗೊತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಮೆರವಣಿಗೆಯ ದಿನ ಚಹಾ ಅಂಗಡಿಯ ಮುಂದೆ ನಿಂತ ಪೇದೆಯ ಹೆಗಲಿನ ವಾಕಿಟಾಕಿ ಗೊರಗುಟ್ಟಿದಾಗ ಅಂಗಡಿಯವರೆಲ್ಲ ಮಾತು ನಿಲ್ಲಿಸಿ ಕಿವಿಗೊಡುವುದನ್ನು ನೋಡದವರು ಯಾರು? ಆ ಕುತೂಹಲ ತಪ್ಪಲ್ಲ. ಅದರ ಹಿಂದೆ ಭಯವೂ ಇದೆ.

ಆದರೂ ಆ ದಾರಿ ಬೇಡ ಎಂದೇ ನಾವು ಹೇಳುತ್ತೇವೆ.

ಮೊದಲನೆಯದು ಕಾನೂನು. ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧವೆಂದು ಬ್ರಿಟಿಷರು 1933ರಲ್ಲಿ ಕಾಯ್ದೆ ಮಾಡಿದರು. ನಮ್ಮ ಅಜ್ಜಂದಿರು ಹಾಡು, ವಾರ್ತೆ ಕೇಳುವ ರೇಡಿಯೋಕ್ಕೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟುತ್ತಿದ್ದರು. ಆ ಶುಲ್ಕ 1980ರ ದಶಕದಲ್ಲಿ ಹೋಯಿತು, ಪ್ರಜೆಯ ಕಿವಿಯ ಬಗೆಗಿನ ಸರಕಾರದ ಅಪನಂಬಿಕೆ ಹೋಗಲಿಲ್ಲ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮು 2024ರ ಜೂನ್ 26ರಂದು ಜಾರಿಗೆ ಬಂತು. ಅದರಂತೆ ಅನಧಿಕೃತವಾಗಿ ಸಂದೇಶವನ್ನು ಕದ್ದಾಲಿಸಿದವನಿಗೆ ಮೂರು ವರ್ಷಗಳ ತನಕ ಸೆರೆವಾಸ, ಎರಡು ಕೋಟಿ ರೂಪಾಯಿಗಳ ತನಕ ದಂಡ, ಅಥವಾ ಎರಡೂ. 2025ರ ಮೇ ತಿಂಗಳಲ್ಲಿ ವಾಕಿಟಾಕಿಗಳನ್ನು ನಿಯಮ ಮೀರಿ ಮಾರುತ್ತಿದ್ದ ಆನ್‌ಲೈನ್ ಮಳಿಗೆಗಳಿಗೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸು ನೀಡಿತು.

ಬೆಂಗಳೂರಿನ ಇಂಜಿನಿಯರನ ಮೇಜಿನ ಮೇಲೆ ಇಂಥ ಸಾಧನ ಸಿಕ್ಕರೆ ಅದು ಹವ್ಯಾಸ. ಮುದ್ದೇಬಿಹಾಳದ ಟೋಪಿ ಧರಿಸಿದ ಹುಡುಗನ ಕೋಣೆಯಲ್ಲಿ ಸಿಕ್ಕರೆ? ಸಂಜೆಯ ಟಿವಿ ವಾರ್ತೆಗೆ ಯಾವ ತಲೆಬರಹ ಬರುತ್ತದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಅಲೆಗಳ ವಿದ್ಯೆಯಲ್ಲಿ ನಿಜವಾದ ಆಸಕ್ತಿಯಿದ್ದವರು ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಪರವಾನಗಿ ಪಡೆಯಲಿ, ಪ್ರವಾಹ ಬಂದಾಗ ಊರಿಗೆ ಉಪಕಾರವಾದೀತು.

ಎರಡನೆಯ ಕಾರಣ ಕಾನೂನಿಗಿಂತ ದೊಡ್ಡದು. ಅರ್ಧ ಕೇಳಿದ ಮಾತು ಕೇಳದ ಮಾತಿಗಿಂತ ಅಪಾಯಕಾರಿ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಬಳಿಕ ಜನ ರಾತ್ರಿಯಿಡೀ ಸ್ಕ್ಯಾನರ್‌ಗೆ ಕಿವಿಯಿಟ್ಟು ಕುಳಿತರು. ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರನ್ನು ಪೊಲೀಸರೇ ಉಚ್ಚರಿಸಿದರೆಂಬ ಸುದ್ದಿ ಹಬ್ಬಿ, ಬೆಳಗಾಗುವಷ್ಟರಲ್ಲಿ ಆತ ಲೋಕದ ಕಣ್ಣಿಗೆ ಭಯೋತ್ಪಾದಕನಾಗಿಬಿಟ್ಟಿದ್ದ. ಆತನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ದಿನಗಳ ಬಳಿಕ ಸಿಕ್ಕಿದ್ದು ಆತನ ಶವ.

ಇನ್ನು ನಮ್ಮ ಸಿಂದಗಿಯನ್ನೇ ನೆನಪಿಸಿಕೊಳ್ಳಿ. 2012ರ ಜನವರಿ 1ರ ಬೆಳಗ್ಗೆ ತಹಶೀಲ್ದಾರ್ ಕಚೇರಿಯ ಆವರಣದಲ್ಲಿ ಪಾಕಿಸ್ತಾನದ ಧ್ವಜ ಹಾರಾಡಿತು. ಬಂದ್ ನಡೆಯಿತು, ಬಸ್ಸುಗಳ ಮೇಲೆ ಕಲ್ಲು ಬಿತ್ತು. ಸಂಶಯದ ಬೆರಳು ಯಾರತ್ತ ತಿರುಗಿತ್ತೋ ಓದುಗರು ಬಲ್ಲರು. ಕೆಲವೇ ದಿನಗಳಲ್ಲಿ ಪೊಲೀಸರು ಬಂಧಿಸಿದ ಆರು ಯುವಕರು ಹಿಂದುತ್ವ ಸಂಘಟನೆಯ ನಂಟಿನವರೆಂದು ಹೊರಬಂತು. ಕೋಮು ಸಾಮರಸ್ಯ ಕೆಡಿಸುವುದೇ ಅವರ ಉದ್ದೇಶವಾಗಿತ್ತೆಂಬುದು ಆರೋಪ. ತನಿಖೆ ನಡೆಸಿ ಬಂಧಿಸಿದ ಜಿಲ್ಲಾ ಪೊಲೀಸರನ್ನು ಮೆಚ್ಚಲೇಬೇಕು. ಆದರೆ ಧ್ವಜ ಕಂಡ ಬೆಳಗಿನಿಂದ ಬಂಧನದ ಸುದ್ದಿ ಬರುವ ತನಕ ಊರನ್ನು ಆಳಿದ್ದು ಯಾರು? ವದಂತಿ. ಆ ದಿನಗಳಲ್ಲಿ ಯಾರ ಕೈಯಲ್ಲಾದರೂ ಸ್ಕ್ಯಾನರ್ ಇದ್ದು, ಶಂಕಿತ ಎಂಬ ಒಂದು ಪದ, ಒಂದು ಓಣಿಯ ಹೆಸರು ಅರೆಬರೆಯಾಗಿ ಕೇಳಿಸಿದ್ದರೆ ಆ ಓಣಿಯ ಗತಿಯೇನಾಗುತ್ತಿತ್ತೆಂದು ಯೋಚಿಸಿ.

ಹಾಗೆಂದು ಎಲ್ಲವನ್ನೂ ಗುಟ್ಟಾಗಿಡುವ ಇಲಾಖೆಯ ವಾದವನ್ನು ಒಪ್ಪಿದಂತಾಯಿತೇ? ಖಂಡಿತ ಇಲ್ಲ. ಧಾಳಿಗೆ ಹೊರಟ ತಂಡದ ಮಾತು ಆ ಕ್ಷಣಕ್ಕೆ ಗುಟ್ಟಾಗಿರಲಿ, ದೂರು ಕೊಟ್ಟ ಹೆಣ್ಣುಮಗಳ ವಿಳಾಸ ಸದಾ ಗುಟ್ಟಾಗಿರಲಿ. ಆದರೆ ಗಲಭೆ ಮುಗಿದು ಆರು ತಿಂಗಳಾದ ಮೇಲೂ ಠಾಣೆಗೆ ಕರೆ ಎಷ್ಟು ಗಂಟೆಗೆ ಬಂತು, ವಾಹನ ಎಷ್ಟು ಗಂಟೆಗೆ ಹೊರಟಿತು, ಲಾಠಿ ಬೀಸಲು ಆದೇಶ ಕೊಟ್ಟವರಾರು ಎಂಬುದರಲ್ಲಿ ಯಾವ ದೇಶದ ಭದ್ರತೆ ಅಡಗಿದೆ? ಷಿಕಾಗೋ ನಗರದ ಪೊಲೀಸರು 2022ರಲ್ಲಿ ತಮ್ಮ ರೇಡಿಯೋವನ್ನು ಗುಪ್ತ ಸಂಕೇತಕ್ಕೆ ಬದಲಿಸತೊಡಗಿದಾಗಲೂ ಅರ್ಧ ಗಂಟೆ ತಡವಾಗಿ ಜನರಿಗೆ ಕೇಳಿಸುವ ಏರ್ಪಾಡು ಮಾಡಿದರು. ನಮ್ಮಲ್ಲಿ ಅರ್ಧ ಗಂಟೆಯಲ್ಲ, ಅರ್ಧ ವರ್ಷವಾದರೂ ಸರಿ ಎನ್ನುವ ಮಾತೂ ಇಲ್ಲ.

ಸುಪ್ರೀಂ ಕೋರ್ಟ್ ದಾರಿ ತೋರಿಸದೇ ಇಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2016ರ ಸೆಪ್ಟೆಂಬರ್ 7ರಂದು ಆದೇಶಿಸಿತು. 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಯಲ್ಲೂ ಚಿತ್ರದೊಡನೆ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾ ಇರಬೇಕು, ದಾಖಲೆಯನ್ನು 18 ತಿಂಗಳು ಕಾಪಾಡಬೇಕು ಎಂದಿತು. ಠಾಣೆಯ ನಾಲ್ಕು ಗೋಡೆಗಳ ನಡುವಿನ ಮಾತಿಗೆ ಈ ನಿಯಮವಾದರೆ, ಬೀದಿಯಲ್ಲಿ ಜನರ ಮೇಲೆ ಬಲಪ್ರಯೋಗಿಸುವಾಗ ವೈರ್‌ಲೆಸ್‌ನಲ್ಲಿ ಆಡಿದ ಮಾತಿಗೆ ಬೇರೆ ನಿಯಮವೇಕೆ? ಅದನ್ನೂ ಧ್ವನಿಮುದ್ರಿಸಿ ಅಷ್ಟೇ ಕಾಲ ಕಾಪಾಡಲಿ. ನಿಗದಿತ ಅವಧಿಯ ನಂತರ ಸಂತ್ರಸ್ತರಿಗೆ, ನ್ಯಾಯಾಲಯಕ್ಕೆ, ಪತ್ರಿಕೆಗಳಿಗೆ ತೆರೆದಿಡಲಿ. ಮುಂಬೈಯ ಸತ್ಯ ಹೊರಬಂದದ್ದು ಆಕಸ್ಮಿಕದಿಂದ. ಡಿಜಿಟಲ್ ಗುಪ್ತ ಸಂಕೇತದ ಕಾಲದಲ್ಲಿ ಅಂಥ ಆಕಸ್ಮಿಕವೂ ಸಂಭವಿಸದು. ಇದರಿಂದ ಪ್ರಾಮಾಣಿಕ ಅಧಿಕಾರಿಗೂ ಲಾಭವಿದೆ. ಸುಳ್ಳು ಆರೋಪ ಬಂದಾಗ ಆತನ ಪರವಾಗಿ ಮಾತನಾಡುವುದು ಅದೇ ಧ್ವನಿಮುದ್ರಿಕೆ.

ಹಬ್ಬಗಳ ಮುಂಚೆ ಠಾಣೆಗಳಲ್ಲಿ ಶಾಂತಿ ಸಭೆ ನಡೆಯುತ್ತದೆ. ನಮ್ಮ ಹಿರಿಯರು ಹೋಗುತ್ತಾರೆ, ಚಹಾ ಕುಡಿದು, ಸಹಕಾರದ ಭರವಸೆ ಕೊಟ್ಟು, ಫೋಟೋ ತೆಗೆಸಿಕೊಂಡು ಬರುತ್ತಾರೆ. ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಲಿ: ವೈರ್‌ಲೆಸ್ ಸಂದೇಶಗಳ ಮತ್ತು 112ಕ್ಕೆ ಬಂದ ಕರೆಗಳ ದಾಖಲೆಯನ್ನು ಎಷ್ಟು ದಿನ ಉಳಿಸುತ್ತೀರಿ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ್ದಾಗಿರಬೇಕು. ಘಟನೆ ನಡೆದ ವಾರದಲ್ಲೇ ಹಾಕಿ, ದಾಖಲೆ ಅಳಿಸದಂತೆ ಕಾಪಾಡಲು ಪ್ರತ್ಯೇಕವಾಗಿ ಬರೆದುಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲಿಳಿಯಬೇಡಿ.