ಕಿಡಿಯನ್ನು ಬಂಧಿಸುವ ಪೆಟ್ಟಿಗೆಗೆ ಪ್ರಮಾಣಪತ್ರವೊಂದೇ ಸಾಕೆ?

ಡೊಂಬಿವಲಿಯ ಎಂ.ಐ.ಡಿ.ಸಿ. ಪ್ರದೇಶದಲ್ಲಿ 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಯೊಂದು ಸ್ಫೋಟಗೊಂಡು ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದುದನ್ನು ಓದುಗರು ಮರೆತಿರಲಾರರು. ಅದೇ ಪರಿಸರದಲ್ಲಿ 2016ರ ಮೇ ತಿಂಗಳಿನಲ್ಲಿಯೂ ಇಂತಹುದೇ ದುರಂತ ಸಂಭವಿಸಿತ್ತು. ನಮ್ಮವರ ಎಷ್ಟೋ ಕುಟುಂಬಗಳು ದಶಕಗಳಿಂದ ನೆಲೆಸಿರುವ ಊರು ಅದು. 2024ರಲ್ಲಿ ಸಿಡಿದದ್ದು ರಿಯಾಕ್ಟರ್. ಅದರ ಕಥೆ ಬೇರೆ. ಆದರೆ ಇಂತಹ ಪ್ರದೇಶಗಳಲ್ಲಿ ದಿನನಿತ್ಯ ಕಾಡಬೇಕಾದ ಪ್ರಶ್ನೆಯೊಂದಿದೆ: ಅನಿಲವೋ ದ್ರಾವಕದ ಆವಿಯೋ ಸೋರಿದಾಗ ಅದಕ್ಕೆ ಕಿಡಿ ತಗಲುವುದು ಎಲ್ಲಿಂದ?

ಜೈಪುರದ ಸೀತಾಪುರದ ತೈಲ ಸಂಗ್ರಹಾಗಾರದಲ್ಲಿ 2009ರ ಅಕ್ಟೋಬರ್ 29ರ ಸಂಜೆ ಪೆಟ್ರೋಲು ಒಂದು ಗಂಟೆಗೂ ಮಿಕ್ಕಿ ಸೋರಿ, ಆವಿ ಮೋಡದಂತೆ ಆವರಣವನ್ನೆಲ್ಲ ವ್ಯಾಪಿಸಿ, ಒಮ್ಮೆಗೇ ಸ್ಫೋಟಿಸಿತು. ಹನ್ನೊಂದು ಜೀವಗಳು ಹೋದವು. ತನಿಖೆ ನಡೆಸಿದ ಎಂ.ಬಿ. ಲಾಲ್ ಸಮಿತಿಯು ಕಿಡಿಯ ಸಂಭಾವ್ಯ ಮೂಲಗಳೆಂದು ಸೂಚಿಸಿದ್ದು ಎರಡನ್ನು: ಚಾಲೂ ಮಾಡಿದ ವಾಹನ, ಇಲ್ಲವೇ ಆಡಳಿತ ಕಟ್ಟಡದಲ್ಲಿದ್ದ ಸಾಮಾನ್ಯ, ಅಂದರೆ ಫ್ಲೇಮ್‌ಪ್ರೂಫ್ ಅಲ್ಲದ, ವಿದ್ಯುತ್ ಉಪಕರಣ. ನಮ್ಮ ಮನೆಗಳಲ್ಲಿರುವಂಥ ಒಂದು ಸ್ವಿಚ್ ಎಂದಿಟ್ಟುಕೊಳ್ಳಿ.

ಫ್ಲೇಮ್‌ಪ್ರೂಫ್ ಎಂದರೆ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೆಂದು ನಾವೂ ಬಹುಕಾಲ ಭಾವಿಸಿದ್ದೆವು. ವಾಸ್ತವ ಅದಲ್ಲ. ಅನಿಲವು ಪೆಟ್ಟಿಗೆಯೊಳಕ್ಕೆ ನುಗ್ಗಿಯೇ ನುಗ್ಗುತ್ತದೆ, ಒಳಗಿನ ಕಿಡಿಯಿಂದ ಅಲ್ಲಿಯೇ ಸ್ಫೋಟವೂ ಆಗಬಹುದು ಎಂದು ಒಪ್ಪಿಕೊಂಡೇ ಅದನ್ನು ರಚಿಸಿರುತ್ತಾರೆ. ಪೆಟ್ಟಿಗೆ ಒಡೆಯಬಾರದು, ಮುಚ್ಚಳದ ಕಿರಿದಾದ ಸಂದಿನ ಮೂಲಕ ಹೊರಬರುವ ಬಿಸಿ ಅನಿಲವು ಆ ದಾರಿಯಲ್ಲಿಯೇ ತಣಿದು ಹೊರಗಿನ ಅನಿಲವನ್ನು ಹೊತ್ತಿಸದಂತಿರಬೇಕು. ಪ್ರಯೋಗಾಲಯದಲ್ಲಿ ಪೆಟ್ಟಿಗೆಯ ಒಳಗೂ ಹೊರಗೂ ಸ್ಫೋಟಕ ಮಿಶ್ರಣವನ್ನು ತುಂಬಿ, ಒಳಗೆ ಬೇಕೆಂದೇ ಕಿಡಿ ಹಾರಿಸಿ ಪರೀಕ್ಷಿಸುತ್ತಾರೆ. ಈ ಸಂದಿನ ಲೆಕ್ಕ ಕೂದಲೆಳೆಯದು. ಪ್ರಮಾಣಿತ ಪರೀಕ್ಷೆಯಲ್ಲಿ ಗಣಿಯ ಮೀಥೇನಿನ ಜ್ವಾಲೆಯನ್ನು ತಡೆಯಬಲ್ಲ ಗರಿಷ್ಠ ಸಂದು 1.14 ಮಿಲಿಮೀಟರ್, ಹೈಡ್ರೋಜನ್ನಿಗೆ ಅದು ಕೇವಲ 0.29. ಮೀಥೇನಿಗೆ ಯೋಗ್ಯವಾದ ಪೆಟ್ಟಿಗೆಯು ಹೈಡ್ರೋಜನ್ ಇರುವಲ್ಲಿ ಅಪಾಯಕಾರಿಯಾಗುವುದು ಆದ್ದರಿಂದಲೇ. ಇನ್ನು ಹೊರಮೈಯ ಬಿಸಿಗೂ ಮಿತಿಯುಂಟು: ಟಿ-1 ವರ್ಗಕ್ಕೆ 450 ಡಿಗ್ರಿ ಸೆಲ್ಸಿಯಸ್, ಟಿ-6ಕ್ಕೆ 85.

ನಮ್ಮ ದೇಶದಲ್ಲಿ ಈ ವ್ಯವಸ್ಥೆ ಇಲ್ಲವೆಂದೇನಲ್ಲ. ಐ.ಎಸ್./ಐ.ಇ.ಸಿ. 60079 ಎಂಬ ಮಾನಕಗಳ ಸರಣಿಯಿದೆ. ಧನಬಾದಿನ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯಂತಹ ಪ್ರಯೋಗಾಲಯಗಳಿವೆ. ತೈಲ ಸ್ಥಾವರಗಳಲ್ಲಿ ಬಳಸಲು ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಸೋ ಸಂಸ್ಥೆಯ, ಗಣಿಗಳಿಗಾದರೆ ಗಣಿ ಸುರಕ್ಷಾ ಮಹಾನಿರ್ದೇಶನಾಲಯದ ಅನುಮೋದನೆ ಬೇಕು.

ಆದರೆ ಪರೀಕ್ಷೆಗೆ ಒಳಪಡುವುದು ಮಾದರಿಯೇ ಹೊರತು ಕಾರ್ಖಾನೆಯ ಗೋಡೆಯ ಮೇಲೆ ಹತ್ತು ವರ್ಷ ತೂಗುವ ಪೆಟ್ಟಿಗೆಯಲ್ಲ. ಬ್ಯಾಂಕಿನ ಕೆಲಸದ ನಿಮಿತ್ತ, ಸಾಲ ಪಡೆದ ಸಣ್ಣ ಘಟಕವೊಂದರ ದಾಸ್ತಾನು ತಪಾಸಣೆಗೆ ನಾವು ಹೋಗಿದ್ದೆವು. ಕಡತದಲ್ಲಿ ಪ್ರಮಾಣಪತ್ರಗಳು ಅಚ್ಚುಕಟ್ಟಾಗಿದ್ದವು. ದ್ರಾವಕದ ಡ್ರಮ್ಮುಗಳ ಪಕ್ಕದಲ್ಲಿದ್ದ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಎಂಟು ಬೋಲ್ಟುಗಳಲ್ಲಿ ಮೂರು ನಾಪತ್ತೆ. ಕೇಬಲಿಗಾಗಿ ಹೊಸದಾಗಿ ಕೊರೆದ ತೂತಿಗೆ ಎಂ-ಸೀಲ್ ಮೆತ್ತಿದ್ದರು. ಕಲಾ ಪದವೀಧರರಾದ ನಮಗೆ ಅದರ ಅರ್ಥ ಅಂದು ತಿಳಿದಿರಲಿಲ್ಲ. ವರದಿಯಲ್ಲಿ ‘ತೃಪ್ತಿಕರ’ ಎಂದೇ ಬರೆದೆವು. ಮೂರು ಬೋಲ್ಟು ಸಡಿಲವಾದ ಮೇಲೆ ಆ ಸಂದಿನ ಲೆಕ್ಕವೇ ಬುಡಮೇಲಾಗುತ್ತದೆಂಬುದನ್ನು ಬಳಿಕ ಇಂಜಿನಿಯರ್ ಮಿತ್ರರೊಬ್ಬರು ವಿವರಿಸಿದಾಗ ನಾಚಿಕೆಯೆನಿಸಿತು.

ಕಾರ್ಖಾನೆಗಳನ್ನು ವಸತಿ ಪ್ರದೇಶದಿಂದ ಸ್ಥಳಾಂತರಿಸಬೇಕೆಂಬ ಕೂಗು ಪ್ರತಿ ದುರಂತದ ನಂತರ ಏಳುತ್ತದೆ. ಅದು ನ್ಯಾಯವಾದುದೇ, ಆದರೆ ವರ್ಷಗಳ ಕೆಲಸ. ಅಷ್ಟರವರೆಗೆ ಅಳವಡಿಕೆಯಾದ ನಂತರದ ತಪಾಸಣೆಯನ್ನು ಯಾರು, ಎಷ್ಟು ಕಾಲಕ್ಕೊಮ್ಮೆ ಮಾಡಿದರೆಂಬುದನ್ನು ನಿವಾಸಿಗಳು ಕೇಳುವಂತಾಗಬೇಕು. ಸಾಲ ಕೊಡುವ ಬ್ಯಾಂಕುಗಳೂ, ವಿಮಾ ಕಂಪೆನಿಗಳೂ ಆ ದಾಖಲೆಯನ್ನು ಕೇಳಬೇಕು. ವಿಶೇಷವಾಗಿ ದುರಸ್ತಿಯ ದಾಖಲೆಯನ್ನು. ಸುಟ್ಟುಹೋದ ಫ್ಲೇಮ್‌ಪ್ರೂಫ್ ಮೋಟಾರು ಸಾಮಾನ್ಯ ವೈಂಡಿಂಗ್ ಅಂಗಡಿಗೆ ಹೋಗಿ, ಅಲ್ಲಿ ಮುಚ್ಚಳದ ಅಂಚನ್ನು ಉಜ್ಜಿ ನುಣುಪುಗೊಳಿಸಿಕೊಂಡು ಮರಳಿ ಬಂದರೂ, ಅದರ ಮೈಮೇಲಿನ ಪ್ರಮಾಣ ಸಂಖ್ಯೆಯ ಫಲಕ ಮಾತ್ರ ಹಾಗೆಯೇ ಇರುತ್ತದೆ.