ಹಡಗಿನ ಮೇಲೊಂದು ಜಗುಲಿ

ಯುಗಾದಿ ಸಂಚಿಕೆಯ ಅಂಕಣದಲ್ಲಿ ನಮ್ಮ ಅಲಾಸ್ಕಾ ಹಡಗು ಪ್ರವಾಸದ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದವರು ಹಿಮನದಿಯ ಬಗ್ಗೆ ಕೇಳುತ್ತಾರೆ, ತಿಮಿಂಗಿಲ ಕಂಡಿತೇ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಊಹೂಂ! ಕೂಟದ ಬೇಸಿಗೆ ಪಿಕ್‌ನಿಕ್‌ನಲ್ಲಿ ಮೂವರು ಗೆಳತಿಯರು, ಒಬ್ಬರಾದ ಮೇಲೊಬ್ಬರು, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಪ್ರಶ್ನೆ: “ಹಡಗಿನಲ್ಲಿ ದೊಡ್ಡವರಿಗೆ ಮಾತ್ರ ಅಂತ ಒಂದು ಜಾಗ ಇರುತ್ತಂತಲ್ಲ, ಅದು ನಿಮಗೆ ಹೇಗೆ ಸಿಕ್ತು?”

ಅದೂ ಪಿಸುಮಾತಿನಲ್ಲಿ! ಪಾಪ, ಅವರನ್ನೇನು ಅನ್ನುವುದು. ನಮ್ಮೂರುಗಳಲ್ಲಿ ‘ವಯಸ್ಕರಿಗೆ ಮಾತ್ರ’ ಎಂಬ ಬೋರ್ಡು ಯಾವ ಟಾಕೀಸಿನ ಮುಂದೆ ನೇತಾಡುತ್ತಿತ್ತು ಎಂಬುದು ನಮ್ಮ ತಲೆಮಾರಿನವರಿಗೆಲ್ಲ ಗೊತ್ತು. ಆ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಬಿರಬಿರನೆ ನಡೆದು ಹೋದವರು ನಾವು.

ಹಡಗಿನಲ್ಲಿ ಅಂಥದ್ದೇನೂ ಇಲ್ಲ ಮಾರಾಯ್ರೇ. ಮೇಲಿನ ಡೆಕ್ಕಿನಲ್ಲಿ ಒಂದು ಮೂಲೆ. ನೆರಳಿಗೆ ಚಪ್ಪರ, ಕಾಲು ಚಾಚಿ ಒರಗಲು ಮೆತ್ತೆ ಹಾಕಿದ ಕುರ್ಚಿ, ಹೊದೆಯಲು ಕಂಬಳಿ, ಕೇಳಿದರೆ ನೀರು, ಟೀ ತಂದುಕೊಡುವ ಒಬ್ಬ ಹುಡುಗ. ದುಡ್ಡು ಕೊಡುವುದು ಇದಕ್ಕಲ್ಲ, ಅಲ್ಲಿ ಇಲ್ಲದ್ದಕ್ಕೆ. ಲೌಡ್‌ಸ್ಪೀಕರ್ ಇಲ್ಲ, ನೀರಿಗೆ ಧುಮುಕುವ ಮಕ್ಕಳಿಲ್ಲ, “ಅಮ್ಮಾ, ಇಲ್ನೋಡು” ಇಲ್ಲ. ಬಾಗಿಲಲ್ಲಿ ನಿಂತವರು ಹದಿನೆಂಟು ತುಂಬದವರನ್ನು ನಗುನಗುತ್ತಲೇ ವಾಪಸ್ ಕಳಿಸುತ್ತಾರೆ.

ಪ್ರಿನ್ಸೆಸ್ ಕಂಪನಿಯವರು 2006ರಲ್ಲಿ ‘ಕ್ರೌನ್ ಪ್ರಿನ್ಸೆಸ್’ ಎಂಬ ಹಡಗಿನಲ್ಲಿ ‘ಸ್ಯಾಂಕ್ಚುಯರಿ’ ಎಂಬ ಹೆಸರಿಟ್ಟು ಇಂಥದ್ದೊಂದು ಜಾಗ ಮಾಡಿದರು. ಆಮೇಲೆ ಅದು ಅವರ ಬೇರೆ ಹಡಗುಗಳಿಗೂ ಬಂತು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಲವು ಬೇಸಿಗೆ ಅಲಾಸ್ಕಾಕ್ಕೆ ಹೋಗಿಬಂದಿರುವ ರೂಬಿ ಪ್ರಿನ್ಸೆಸ್ ಹಡಗಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಸುತ್ತಾರೆ. (2023ರ ಜುಲೈನಲ್ಲಿ ನಮ್ಮ ಪಿಯರ್ 27ಕ್ಕೆ ಡಿಕ್ಕಿ ಹೊಡೆದು ಸುದ್ದಿಯಾಯಿತಲ್ಲ, ಅದೇ ಹಡಗು!) ಮೂರು ಸಾವಿರ ಜನ, ಬೆರಳೆಣಿಕೆಯ ಕುರ್ಚಿ. ಅದಕ್ಕೇ ಈ ಪಿಸುಮಾತು.

ಕಂಪನಿಗೊಂದು ಪದ್ಧತಿ. ಪ್ರಿನ್ಸೆಸ್‌ನ ಹಳೆಯ ಹಡಗುಗಳಲ್ಲಿ ಅರ್ಧ ದಿನಕ್ಕಿಷ್ಟು, ಪೂರ್ತಿ ದಿನಕ್ಕಿಷ್ಟು ಎಂದು ಬಾಡಿಗೆ. ನಾರ್ವೀಜಿಯನ್ ಕಂಪನಿಯ ಕೆಲವು ಹಡಗುಗಳಲ್ಲಿ ‘ವೈಬ್’ ಅಂತ ಇದೆ. ಅದಕ್ಕೆ ಇಡೀ ಪ್ರವಾಸಕ್ಕಾಗುವ ಪಾಸು, ಇಂತಿಷ್ಟೇ ಪಾಸು. ರಾಯಲ್ ಕೆರಿಬಿಯನ್, ಸೆಲೆಬ್ರಿಟಿಗಳಲ್ಲಿ ‘ಸೋಲೇರಿಯಂ’; ಹದಿನಾರಾಗಿದ್ದರೆ ಸಾಕು, ದುಡ್ಡಿಲ್ಲ. ಕಾರ್ನಿವಲ್‌ನ ‘ಸೆರೆನಿಟಿ’ಗೂ ದುಡ್ಡಿಲ್ಲ, ಆದರೆ ಇಪ್ಪತ್ತೊಂದು ತುಂಬಿರಬೇಕು. ಬಿಟ್ಟಿ ಎಂದಮೇಲೆ ಕೇಳಬೇಕೇ? ಬೆಳಗ್ಗೆ ಆರಕ್ಕೇ ಬಂದು ಕುರ್ಚಿಯ ಮೇಲೆ ಟವೆಲ್ ಹಾಕಿ ತಿಂಡಿಗೆ ಹೋಗುವ ಮಹಾನುಭಾವರಿದ್ದಾರೆ. ಕೆಂಪು ಬಸ್ಸಿನ ಕಿಟಕಿಯಿಂದ ಕರವಸ್ತ್ರ ತೂರಿಸಿ ಸೀಟು ಹಿಡಿದ ನಮಗೆ ಇದೇನು ಹೊಸ ವಿದ್ಯೆಯಲ್ಲ ಬಿಡಿ. ಆದರೆ ನಲವತ್ತು ನಿಮಿಷ ಯಾರೂ ಬಾರದಿದ್ದರೆ ಟವೆಲ್ ತೆಗೆದಿಡುವ ನಿಯಮವನ್ನು ಕಾರ್ನಿವಲ್‌ನವರು 2013ರಲ್ಲಿ ತಂದರು. ನಮ್ಮ ಬಸ್ಸಿನ ಕಂಡಕ್ಟರಿಗೆ ಈ ಉಪಾಯ ಹೊಳೆದಿರಲಿಲ್ಲ!

ಈಚಿನ ಹೊಸ ಹಡಗುಗಳ ದಾರಿ ಬೇರೆ. 2024ರಲ್ಲಿ ಬಂದ ಸನ್ ಪ್ರಿನ್ಸೆಸ್‌ನಲ್ಲಿ ಇಂಥ ಜಾಗ ದುಬಾರಿ ಕೋಣೆಗಳ ಒಂದು ವರ್ಗದವರಿಗೆ ಸೇರಿದ್ದು. ಇದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅರ್ಧ ದಿನದ ಬಾಡಿಗೆಯಾದರೆ ಒಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುವವರೂ ಒಂದು ಬೆಳಗ್ಗೆ ಮಹಾರಾಜರಾಗಬಹುದು. ಕೋಣೆಯ ಜೊತೆಗೇ ಕಟ್ಟಿಹಾಕಿದರೆ ಆ ಆಸೆಯೂ ಹೋಯಿತು.

ಈಗ ಪಿಸುಮಾತಿನ ಪ್ರಶ್ನೆಗೆ ಉತ್ತರ. ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ: ಈ ಜಾಗವನ್ನು ಮನೆಯಿಂದಲೇ ಕಾದಿರಿಸಬಹುದೇ, ಅಥವಾ ಹಡಗು ಹತ್ತಿದ ಮೇಲೆಯೇ ಕೊಡುವುದೇ? ಮನೆಯಿಂದಲೇ ಆಗುವುದಾದರೆ ಸರಿ, ತತ್ಕಾಲ್ ಟಿಕೆಟ್ಟಿಗೆ ಕಾದಂತೆ ಕಾದು ಒತ್ತಿಬಿಡಿ. ನಮ್ಮ ಹಡಗಿನಲ್ಲಿ ಹತ್ತಿದ ಮೇಲೆಯೇ. ಹಾಗಿದ್ದಾಗ ಮೊದಲ ಒಂದು ಗಂಟೆಯೇ ಎಲ್ಲ. ಪಿಯರ್ 27ರಲ್ಲಿ 2014ರಲ್ಲಿ ತೆರೆದ ಟರ್ಮಿನಲ್ ಇದೆಯಲ್ಲ, ಅಲ್ಲಿಗೆ ಬರಲು ಸಮಯ ಆರಿಸಿಕೊಳ್ಳಿ ಎನ್ನುತ್ತಾರೆ. ಸಿಗುವುದರಲ್ಲಿ ಮೊದಲನೆಯದನ್ನೇ ಆರಿಸಿ. ಒಳಗೆ ಕಾಲಿಟ್ಟ ಕೂಡಲೇ ಹಸಿದ ಜನವೆಲ್ಲ ಬಫೆಯ ಕಡೆ ನುಗ್ಗುತ್ತದೆ. ನಮ್ಮವರಂತೂ ಎಲ್ಲರಿಗಿಂತ ಮುಂದೆ! ನೀವು ಮನೆಯ ಒಬ್ಬರನ್ನು ಮೇಲಿನ ಡೆಕ್ಕಿಗೆ ಓಡಿಸಿ. ನಾನು ಹೋದಾಗ ನನ್ನ ಮುಂದೆ ಆಗಲೇ ಹನ್ನೊಂದು ಜನ. ಬಹುಪಾಲು ಅಮೆರಿಕನ್ ಅಜ್ಜಿಯರು, ಇಂಥ ಪ್ರವಾಸದಲ್ಲಿ ನುರಿತವರು. ಅವರಲ್ಲೊಬ್ಬರಿಂದಲೇ ಮುಂದಿನ ಗುಟ್ಟುಗಳನ್ನು ಕಲಿತೆ.

ಕೇಳಬೇಕಾದ್ದು ಸಮುದ್ರದ ಮೇಲಿರುವ ದಿನಗಳನ್ನು ಮಾತ್ರ. ಜೂನೋ, ಕೆಚಿಕಾನ್ ಅಂಥ ಊರಿನಲ್ಲಿ ಹಡಗು ನಿಂತಾಗ ಜನವೆಲ್ಲ ಇಳಿದುಹೋಗುತ್ತಾರೆ, ಇಡೀ ಹಡಗೇ ನಿಮ್ಮ ಜಗುಲಿ, ದುಡ್ಡೇಕೆ? ಇಲ್ಲಿಂದ ಅಲಾಸ್ಕಾಕ್ಕೆ ಹೋಗಿಬರುವುದು ಸಾಮಾನ್ಯವಾಗಿ ಹತ್ತು ದಿನದ ಪ್ರಯಾಣ. ಹೋಗುವಾಗ ಸುಮಾರು ಎರಡು ದಿನ, ಬರುವಾಗ ಅಷ್ಟೇ ದಿನ ನೀರೇ ನೀರು. ಗೋಲ್ಡನ್ ಗೇಟ್ ದಾಟಿದ ರಾತ್ರಿ ಪೆಸಿಫಿಕ್ ತೂಗುತ್ತದೆ. ತಲೆ ಸುತ್ತುವವರಿಗೆ ಮೊದಲ ದಿನ ಬೇಡ, ಎರಡನೆಯದು ಮೇಲು. ಎಲ್ಲ ತುಂಬಿದೆ ಎಂದರೂ ಬೆಳಗ್ಗೆ ಒಮ್ಮೆ ಹೋಗಿ ಕೇಳಿ. ಕಾದಿರಿಸಿ ಬಾರದವರು ಇದ್ದೇ ಇರುತ್ತಾರೆ. ಏಜೆಂಟರು ಹಡಗಿನಲ್ಲಿ ಖರ್ಚು ಮಾಡಲು ಕೊಡುವ ಜಮಾ ಹಣವಿದ್ದರೆ ಇದಕ್ಕೂ ನಡೆಯುತ್ತದೆ. ಮತ್ತೆ, ಪೂಲು, ಬಿಸಿಲು ಅಂದುಕೊಂಡು ಹೋಗಬೇಡಿ, ಇದು ನಮ್ಮ ಕರಾವಳಿಯ ಗಾಳಿ. ನಮ್ಮ ಮಾವನವರ ಮಂಕಿ ಟೋಪಿಯನ್ನು ಮೊದಲ ದಿನ ನೋಡಿ ನಕ್ಕವರು ಎರಡನೇ ದಿನ ಅದೆಲ್ಲಿ ಸಿಗುತ್ತದೆ ಎಂದು ಕೇಳಿದರು.

ಇನ್ನು ಮಕ್ಕಳು. ಮೂರು ತುಂಬಿದ್ದರೆ ಹಡಗಿನ ಮಕ್ಕಳ ಕ್ಲಬ್ಬಿಗೆ ಹಗಲಿನಲ್ಲಿ ಬಿಡಬಹುದು. ಅದಕ್ಕಿಂತ ಚಿಕ್ಕದಾದರೆ ಸಾಮಾನ್ಯವಾಗಿ ತಾಯಿಯೋ ತಂದೆಯೋ ಜೊತೆಗಿರಬೇಕು. ಅಂದರೆ ಒಬ್ಬರು ಒಳಗೆ, ಒಬ್ಬರು ಹೊರಗೆ, ಸರದಿಯ ಮೇಲೆ.

ಇಷ್ಟು ಹೇಳಿದರೆ ಗೆಳತಿಯರಿಗೆ ಸಾಕಾಗಿತ್ತೇನೋ. ಆದರೆ ಕುರ್ಚಿ ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ನೋಡಿ.

ನಮಗೆ ಸಿಕ್ಕಿದ್ದು ಎರಡು ಕುರ್ಚಿ. ಹೋಗುವಾಗಿನ ಎರಡು ಬೆಳಗ್ಗೆ, ಬರುವಾಗಿನ ಒಂದು ಬೆಳಗ್ಗೆ. ನಾವು ಆರು ಜನ. ಅತ್ತೆ, ಮಾವ ಹಾಸನದಿಂದ ಬಂದು ಐದು ತಿಂಗಳಾಗಿತ್ತು. ಫ್ರೀಮಾಂಟಿನ ನಮ್ಮ ಮೂರು ಬೆಡ್‌ರೂಮಿನ ಮನೆಯಲ್ಲಿ ಬೆಳಗ್ಗೆ ಆರಕ್ಕೆ ಮೊದಲು ಏಳುವವರು ಅತ್ತೆ, ರಾತ್ರಿ ಕೊನೆಗೆ ದೀಪ ಆರಿಸುವವರೂ ಅವರೇ. ಮಕ್ಕಳ ಡಬ್ಬಿ, ಸಂಜೆಯ ತಿಂಡಿ, ಚಿಕ್ಕವಳ ಜಡೆ, ದೊಡ್ಡವನ ಕನ್ನಡ ಪಾಠ, ನಡುವೆ ಮಾವನವರ ಮಾತ್ರೆ. ಬೇಡ ಎಂದರೆ ಕೇಳುವವರಲ್ಲ. “ಸುಮ್ನೆ ಕೂತು ಏನು ಮಾಡ್ಲಿ?” ಎಂಬುದು ಅವರ ಸಿದ್ಧ ಉತ್ತರ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಬಂದು ಹೋಗಿರುತ್ತಾರೆ, ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಬೆಳಗ್ಗೆ ನಾವಿಬ್ಬರೂ ಹೋಗೋಣ ಎಂಬ ಆಸೆ ನಮ್ಮವರಿಗೆ. ನಾನು ಒಪ್ಪಲಿಲ್ಲ, ಅತ್ತೆ, ಮಾವ ಹೋಗಲಿ ಎಂದೆ. ಮಾವನವರಿಗೆ ಬಾಡಿಗೆಯ ಮೊತ್ತ ತಿಳಿದದ್ದೇ ತಡ, “ಸುಮ್ಮನೆ ಕೂರೋಕೆ ದುಡ್ಡು ಕೊಡ್ಬೇಕಾ? ನಮ್ಮೂರ ಜಗುಲಿ ಮೇಲೆ ಬಿಟ್ಟಿ ಕೂತಿರ್ತಿದ್ವಿ” ಎಂದರು. ಅತ್ತೆ ಮೊಮ್ಮಗಳನ್ನು ಸೊಂಟಕ್ಕೆ ಅವುಚಿಕೊಂಡು, “ಮಗು ಬಿಟ್ಟು ನಾನು ಬರೋದಿಲ್ಲಪ್ಪ” ಎಂದರು. ಮಗುವಿಗೆ ನಾಲ್ಕು ವರ್ಷ, ಕ್ಲಬ್ಬಿನ ಬಣ್ಣದ ಪೆನ್ಸಿಲ್ಲುಗಳನ್ನು ಆಗಲೇ ನೋಡಿಬಂದಿದ್ದಳು, ಅವಳಿಗೆ ಅಜ್ಜಿಯ ಸೊಂಟದಿಂದ ಇಳಿದರೆ ಸಾಕಾಗಿತ್ತು! ಕೊನೆಗೆ, ವಾಪಸ್ ಮಾಡಿದರೆ ದುಡ್ಡು ಬರುವುದಿಲ್ಲ ಎಂದು ನಮ್ಮವರು ಅಂದಮೇಲೆ ಇಬ್ಬರೂ ಹೊರಟರು. ನಮ್ಮ ಹಿರಿಯರ ಮುಂದೆ ಇದಕ್ಕಿಂತ ದೊಡ್ಡ ಅಸ್ತ್ರ ಇನ್ನೊಂದಿಲ್ಲ.

ಮಾವನವರು ಒಂದು ಗಂಟೆಯೊಳಗೆ ಎದ್ದು ಬಂದರು. ಅವರಿಗೆ ಮೌನ ಒಗ್ಗುವುದಿಲ್ಲ. ಪಕ್ಕದ ಕುರ್ಚಿಯವರ ಊರು, ಉದ್ಯೋಗ, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸುವಷ್ಟರಲ್ಲಿ ಆ ಹುಡುಗ ಬಂದು ತುಟಿಯ ಮೇಲೆ ಬೆರಳಿಟ್ಟನಂತೆ. “ಮಾತಾಡದೇ ಇರೋದು ಯಾವ ಸೀಮೆ ಜಗುಲಿ?” ಎಂದು ಗೊಣಗಿ ಇಸ್ಪೀಟು ಆಡುವವರನ್ನು ಹುಡುಕಿಕೊಂಡು ಹೋದರು. ಅತ್ತೆ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಊಟದ ಹೊತ್ತಿಗೆ ಬಂದವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಕಾಫಿ ಕುಡಿಯುವಾಗ ಮಾತ್ರ ಲೋಟ ನೋಡುತ್ತಾ ಮೆಲ್ಲಗೆ ಕೇಳಿದರು: “ಇವತ್ತು ಯಾರ ಸರದಿ?”

ಎರಡನೆಯ ದಿನ ಅವರ ಜೊತೆ ನಾನು ಹೋದೆ. ಅತ್ತೆ ಓದಲಿಲ್ಲ, ಜಪ ಮಾಡಲಿಲ್ಲ. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಕಂಬಳಿ. ಸುಮ್ಮನೆ ಸಮುದ್ರ ನೋಡುತ್ತಾ ಒರಗಿದರು. ನಿದ್ದೆ ಬಂತು. ನಡುವೆ ದಿಗ್ಗನೆ ಎದ್ದು “ಮಗು ಎಲ್ಲಿ?” ಎಂದರು. ಕ್ಲಬ್ಬಿನಲ್ಲಿದ್ದಾಳೆ ಅಂದೆ. ಮತ್ತೆ ಒರಗಿದರು. ಸ್ವಲ್ಪ ಹೊತ್ತಾದ ಮೇಲೆ ನಾನು, “ಮಾವ ಹೇಳಿದ್ದು ನಿಜ ಅತ್ತೆ, ಇದು ಹಾಸನದ ಮನೆ ಜಗುಲಿ ಥರಾನೇ ಇದೆ” ಎಂದೆ.

“ಜಗುಲಿ ಗಂಡಸರದ್ದಮ್ಮ” ಎಂದರು ಅತ್ತೆ, ಕಣ್ಣು ತೆರೆಯದೆ. “ಊಟ ಆದ್ಮೇಲೆ ಅವ್ರು ಎಲೆಅಡಿಕೆ ಹಾಕ್ಕೊಂಡು ಅಲ್ಲಿ ಕೂರ್ತಿದ್ರು. ನಾವು ಒಳಗೆ ಪಾತ್ರೆ, ನಾಳೆಗೆ ಅಕ್ಕಿ ಆರ್ಸೋದು. ನಮ್ಮತ್ತೆ ಜಗುಲಿ ಮೇಲೆ ಕೂತಿದ್ದನ್ನ ನಾನು ನೋಡಿದ್ದು ಒಂದೇ ಸಲ, ಅವ್ರಿಗೆ ಕಾಲು ಮುರಿದಾಗ.”

ಅಷ್ಟು ಹೇಳಿ ಮತ್ತೆ ನಿದ್ದೆ ಹೋದರು. ನನಗೆ ಮಾತ್ರ ಆಮೇಲೆ ನಿದ್ದೆ ಹತ್ತಲಿಲ್ಲ. ಹುಡುಗ ಬಂದು ಇನ್ನೊಂದು ಟೀ ಬೇಕೇ ಎಂದು ಸನ್ನೆ ಮಾಡಿದ. ಬೇಕು ಎಂದೆ.

ಮೂರನೆಯ ಸರದಿಗೆ ನಮ್ಮವರು ತಮ್ಮ ಹಕ್ಕು ಮಂಡಿಸಿದರು. ನಾನು ಅವರಿಗೆ ಒಂದು ಕುರ್ಚಿ ಕೊಟ್ಟೆ. ಇನ್ನೊಂದು ಯಾರದ್ದು ಎಂದು ಚರ್ಚೆಯೇ ಆಗಲಿಲ್ಲ. ತಾಯಿ ಮಗ ಅಕ್ಕಪಕ್ಕ ಮಲಗಿ ಮೂರು ಗಂಟೆ ಗೊರಕೆ ಹೊಡೆದರಂತೆ. ಆ ದಿನ ಯಾರು ಬಂದು ತುಟಿಯ ಮೇಲೆ ಬೆರಳಿಟ್ಟರೋ ಗೊತ್ತಿಲ್ಲ.

ಹೀಗೆ ಮಕ್ಕಳನ್ನು ಹೊರಗಿಡುವುದು ನಮ್ಮ ಸಂಸ್ಕೃತಿಯಲ್ಲ ಎಂದು ಪಿಕ್‌ನಿಕ್‌ನಲ್ಲಿ ಹಿರಿಯರೊಬ್ಬರು ಆಕ್ಷೇಪಿಸಿದರು. ನನಗೆ ಹಾಗೆನ್ನಿಸುವುದಿಲ್ಲ. ಭಾನುವಾರ ಮಧ್ಯಾಹ್ನ “ಹೊರಗೆ ಹೋಗಿ ಆಡ್ಕೊಳ್ರೋ” ಎಂದು ನಮ್ಮನ್ನು ಅಟ್ಟಿ ಬಾಗಿಲು ಹಾಕಿಕೊಂಡವರು ಯಾರು? ಇಲ್ಲಿಯೂ ಅಷ್ಟೇ. ಸಂಗೀತ ಕಛೇರಿಗೆ ಮುಂಚೆ “ಅಳುವ ಮಕ್ಕಳನ್ನು ದಯವಿಟ್ಟು ಹೊರಗೆ ಕರೆದೊಯ್ಯಿರಿ” ಎಂದು ಮೈಕಿನಲ್ಲಿ ಕೋರುತ್ತೇವೆ. ಆಗ ಎದ್ದು ಹೊರಗೆ ಹೋಗುವವರು ಯಾರು ಎಂಬುದನ್ನು ಮಾತ್ರ ಈ ದೀಪಾವಳಿ ಕಾರ್ಯಕ್ರಮದಲ್ಲಿ ಗಮನಿಸಿ. ನಾನು ಹತ್ತು ವರ್ಷದಿಂದ ಗಮನಿಸುತ್ತಿದ್ದೇನೆ. ಅಜ್ಜಿ, ಇಲ್ಲವೇ ಅಮ್ಮ.

ಇದರಿಂದ ನಿಜವಾಗಿ ಬೇಸರವಾದದ್ದು ನಮ್ಮ ಏಳು ವರ್ಷದ ಮಗನಿಗೆ. ಬಾಗಿಲ ಬೋರ್ಡು ಓದಿ, ಬೆರಳಲ್ಲಿ ಲೆಕ್ಕ ಹಾಕಿ, “ಇನ್ನೂ ಹನ್ನೊಂದು ವರ್ಷ!” ಎಂದು ಕೂಗಿದ. ಪಕ್ಕದಲ್ಲಿದ್ದ ಐಸ್‌ಕ್ರೀಮಿನ ಮೆಷಿನ್ನು ಕಂಡದ್ದೇ ಅದು ಐದೇ ನಿಮಿಷದಲ್ಲಿ ಮರೆತುಹೋಯಿತು.

ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮುಖ್ಯ ಮಾತು. ಅಮೆರಿಕದಲ್ಲಿ ನೋಂದಣಿಯಾಗದ ಹಡಗು ಇಲ್ಲಿ ಹತ್ತಿಸಿಕೊಂಡು ಇಲ್ಲೇ ಇಳಿಸುವುದಾದರೆ ನಡುವೆ ಹೊರದೇಶದ ಬಂದರೊಂದನ್ನು ಮುಟ್ಟಲೇಬೇಕು. ಇದು 1886ರ ಕಾನೂನು. ಅದಕ್ಕೇ ಅಲಾಸ್ಕಾದ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆಗಾದರೂ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟಿನ ಮೇಲೆ ಬಂದಿರುವ ಹಿರಿಯರಿಗೆ ಕೆನಡಾ ವೀಸಾ ಬೇಕು. ಬೆರಳಚ್ಚು, ಅರ್ಜಿ, ಕಾಯುವುದು ಎಲ್ಲ ಇದೆ. ಟಿಕೆಟ್ ಯೋಚಿಸುವಾಗಲೇ ಶುರುಮಾಡಿ. ಕುರ್ಚಿ ಹಿಡಿಯುವುದು ಆಮೇಲಿನ ಮಾತು. ಅದರ ಗೋಜು ಬೇಡವೆನ್ನುವವರಿಗೆ ಇಲ್ಲಿಂದಲೇ ಮೆಕ್ಸಿಕೋದ ಎನ್ಸೆನಾಡಾ ಮುಟ್ಟಿ ಬರುವ ಹಡಗುಗಳಿವೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ.

ಡಿಸೆಂಬರಿನಲ್ಲಿ ನನ್ನ ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಅವರಿಗೆಂದು ಎನ್ಸೆನಾಡಾದ ಹಡಗನ್ನೇ ನೋಡುತ್ತಿದ್ದೇನೆ, ಟಿಕೆಟ್ ಇನ್ನೂ ತೆಗೆದಿಲ್ಲ. ಆದರೆ ಹೋದ ವಾರವೇ ಅತ್ತೆ ಹಾಸನದಿಂದ ಬೀಗಿತ್ತಿಗೆ ಫೋನು ಮಾಡಿ ಕ್ಷೇಮಸಮಾಚಾರದ ನಡುವೆ ಹೇಳಿದರಂತೆ: “ಹಡಗು ಹತ್ತಿದ ತಕ್ಷಣ ಊಟಕ್ಕೆ ಹೋಗ್ಬೇಡಿ. ಮೊದ್ಲು ಕುರ್ಚಿ ಹಿಡ್ಕೊಳ್ಳಿ.”